ಇಲ್ಲದ ಹುದ್ದೆಗೆ ಸಂದರ್ಶನ

ಮುಂದಿನ ಸೆಮಿಸ್ಟರಿಗೆ ಲಿಸ್ಪ್ ಪಾಠ ನೀವೇ ಮಾಡಬೇಕು ಎಂದು ಪ್ರಿನ್ಸಿಪಾಲರು ಹೇಳಿದಾಗ ಮರಿಬಸಪ್ಪ ಮೇಷ್ಟರು ಗತ್ತಿನಿಂದ ಒಪ್ಪಿಕೊಂಡುಬಿಟ್ಟರು. ಆ ಪ್ರೋಗ್ರಾಮಿಂಗ್ ಭಾಷೆಯ ಗಂಧಗಾಳಿಯೂ ಅವರಿಗೆ ಗೊತ್ತಿರಲಿಲ್ಲ. ವಿಭಾಗದ ಮುಖ್ಯಸ್ಥರಾಗಿ ಹಾಗೆಂದು ಬಾಯಿಬಿಡುವುದುಂಟೇ? ಲಿಸ್ಪ್ ಬಲ್ಲ ಉಪನ್ಯಾಸಕರು ಬೇಕಾಗಿದ್ದಾರೆ ಎಂದು ಇಲ್ಲದ ಹುದ್ದೆಗೊಂದು ಜಾಹೀರಾತು ಕೊಟ್ಟು, ಸಂದರ್ಶನ ಇಟ್ಟರು.

ಬಂದವರು ಒಬ್ಬರೇ, ಪಕ್ಕದೂರಿನ ಕಾಲೇಜಿನ ಮೇಡಂ.

"ಮಕ್ಕಳ ಕೈಗೆ ಮೊದಲು ಯಾವ ಪುಸ್ತಕ ಕೊಡ್ತೀರಿ?" ಎಂದು ಮೇಷ್ಟರು ಪರೀಕ್ಷಿಸುವವರಂತೆ ಕೇಳಿದರು. ಮೇಡಂ ಮೂರು ಹೆಸರು ಹೇಳಿದರು. ಮೇಷ್ಟರು ಮೂರನ್ನೂ ಅವರ ಅರ್ಜಿಯ ಮೇಲೆಯೇ ಬರೆದುಕೊಂಡರು.

"ಲ್ಯಾಬಿನ ಕಂಪ್ಯೂಟರಿಗೆ ಏನೇನು ಹಾಕಿಸ್ಬೇಕು?"

"ಎಲ್ಲ ಪುಕ್ಕಟೆ ಸಿಗುತ್ತೆ ಸರ್. ಲಿಸ್ಪ್ ತುಂಬ ಬರೀ ಬ್ರಾಕೆಟ್ಟುಗಳು, ಅವನ್ನ ತಾನೇ ಜೋಡಿಸಿ ತೋರಿಸೋ ಎಡಿಟರ್ ಹಾಕಿಸಿ. ಇಲ್ದಿದ್ರೆ ಅವನ್ನ ಎಣಿಸೋದ್ರಲ್ಲೇ ಪಿರಿಯಡ್ಡು ಮುಗಿಯುತ್ತೆ."

ಅರ್ಜಿಯ ಹಿಂಬದಿಯೂ ತುಂಬಿಹೋಯಿತು. ಖುಷಿ ತಡೆಯಲಾಗದೆ ಮೇಷ್ಟರು ಕೇಳಿಯೇಬಿಟ್ಟರು: "ಇಷ್ಟೆಲ್ಲ ಎಲ್ಲಿ ಕಲಿತ್ರಿ ಮೇಡಂ?"

ಮೇಡಂ ಬ್ಯಾಗು ಹೆಗಲಿಗೇರಿಸಿಕೊಂಡು ಎದ್ದರು.

"ಹೋದ ವರ್ಷ ನಮ್ಮ ಕಾಲೇಜಲ್ಲೂ ಇಂಥದ್ದೇ ಒಂದು ಸಂದರ್ಶನ ಇತ್ತು ಸರ್. ಅಲ್ಲಿ ಪ್ರಶ್ನೆ ಕೇಳಿ ಬರ್ಕೊಳ್ತಾ ಇದ್ದವಳು ನಾನು."