ಬೆಲ್ಟಿನ ಬಿಗಿ

ಎಡಗಡೆಯ ಹಗ್ಗ ಜಾರಿತು. ಇಬ್ಬರು ಪೇಂಟರುಗಳನ್ನು ಹೊತ್ತು ಹದಿನಾಲ್ಕನೇ ಮಹಡಿಯ ಗೋಡೆಗೆ ತೂಗಿಕೊಂಡಿದ್ದ ಹಲಗೆ ಒಮ್ಮೆಲೇ ಒಂದು ಕಡೆಗೆ ವಾಲಿತು. ಬಣ್ಣದ ಬಕೆಟ್ಟು ಕೆಳಗೆ ಹೋಯಿತು. ಅದು ನೆಲಕ್ಕೆ ಬಿದ್ದ ಸದ್ದು ಕೇಳಿಸುವ ಹೊತ್ತಿಗೆ ಭಾವ, ಭಾಮೈದ ಇಬ್ಬರೂ ಜಾರಿಕೊಂಡು ಕೆಳಗಿನ ಮೂಲೆಗೆ ಬಂದು ಬಿದ್ದಿದ್ದರು.

ಭಾಮೈದನ ಸೊಂಟದ ಬೆಲ್ಟಿಗೆ ಸಿಕ್ಕಿಸಿದ್ದ ಬೇರೊಂದು ಹಗ್ಗ ತಾರಸಿಯವರೆಗೂ ಸೆಟೆದು ನಿಂತು ಅವನನ್ನು ಉಳಿಸಿತ್ತು. ಬೆಳಗ್ಗೆ ಭಾವನೇ ಆ ಬೆಲ್ಟು ತಂದು, ಒಂದು ತೂತು ಹೆಚ್ಚಾಗಿಯೇ ಎಳೆದು ಕಟ್ಟಿದ್ದ. ಆಗಿನಿಂದ ಇವನದು ಒಂದೇ ರಾಗ: ಬಿಗಿ, ತುರಿಕೆ, ಉಸಿರಾಡೋಕಾಗಲ್ಲ, ಅಕ್ಕನ ಮಾತು ಕೇಳಿ ಈ ಹಾಳು ಕೆಲಸಕ್ಕೆ ಬಂದು ಕೆಟ್ಟೆ. ಗೊಣಗುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಚರ್ಚಿನಲ್ಲಿ ಬೆಂಚು ಗಟ್ಟಿಯೆಂದು ಪಾದ್ರಿಯ ಮುಂದೆಯೇ ಗೊಣಗಿದ್ದ ಗಿರಾಕಿ.

"ತಾರಸಿ ಮೇಲಿನವರು ನೋಡಿದ್ದಾರೆ, ಎಳ್ಕೋತಾರೆ," ಎಂದ ಭಾವ. "ನೀನು ಕೆಳಗೆ ನೋಡ್ಬೇಡ. ದೇವರಿಗೆ ಸ್ತೋತ್ರ ಹೇಳೋಣ."

"ಈಗಲಾ? ಮೊದ್ಲು ಜೀವ ಉಳೀಲಿ ಭಾವ, ಆಮೇಲೆ ಹೇಳಿದ್ರಾಯ್ತು."

"ಇಳಿದ ಮೇಲೆ ಯಾರು ಬೇಕಾದ್ರೂ ಹೇಳ್ತಾರೆ ಕಣೋ." ಭಾವ ಕಣ್ಣು ಮುಚ್ಚಿದ. "ಕರ್ತನೇ, ಗಾಳಿ ಇಲ್ಲದ್ದಕ್ಕೆ ಸ್ತೋತ್ರ. ಬಲಗಡೆ ಹಗ್ಗ ಇನ್ನೂ ಇರೋದಕ್ಕೆ ಸ್ತೋತ್ರ. ಬಕೆಟ್ಟು ಯಾರ ತಲೆ ಮೇಲೂ ಬೀಳದ್ದಕ್ಕೆ ಸ್ತೋತ್ರ. ಇವನು ಬೆಲ್ಟು ಹಾಕ್ಕೊಂಡಿರೋದಕ್ಕೆ ಸ್ತೋತ್ರ."

ಹಲಗೆ ಇನ್ನೊಂದು ಗೇಣು ಕುಸಿಯಿತು. ಭಾವನ ಮಾತು ಅಲ್ಲಿಗೇ ನಿಂತಿತು. ತುಟಿ ಬಿಳಚಿಕೊಂಡಿತ್ತು. ಅವನಿಗೂ ಹೆದರಿಕೆಯಿದೆ ಎಂಬುದು ಭಾಮೈದನಿಗೆ ಆಗಲೇ ಗೊತ್ತಾದದ್ದು.

"ಮುಂದೆ ನೀನು ಹೇಳು. ನನ್ನ ಕೈ ಸೋಲ್ತಾ ಇದೆ."

ಕೈ ಯಾಕೆ ಸೋಲಬೇಕು? ಭಾಮೈದ ಅವತ್ತು ಮೊದಲ ಸಲ ಭಾವನ ಸೊಂಟದ ಕಡೆ ನೋಡಿದ. ಅಲ್ಲಿ ಬೆಲ್ಟು ಇರಲಿಲ್ಲ. ಹಲಗೆಯ ಅಂಚಿನ ಕಂಬಿ ಹಿಡಿದಿದ್ದ ಎರಡು ಕೈ ಬಿಟ್ಟರೆ ಭಾವನಿಗೆ ಬೇರೆ ಆಧಾರವೇ ಇರಲಿಲ್ಲ.

"ಇನ್ನೊಂದು ಬೆಲ್ಟಿನ ಕೊಂಡಿ ಮುರಿದಿತ್ತು," ಎಂದ ಭಾವ, ತಪ್ಪು ಮಾಡಿ ಸಿಕ್ಕಿಬಿದ್ದವನ ಹಾಗೆ. "ನಿಮ್ಮಕ್ಕಂಗೆ ಹೇಳ್ಬೇಡ."

ಭಾಮೈದನಿಗೆ ಈಗ ಹಿಡಿದದ್ದು ಬೇರೆಯೇ ಭಯ. ಅವನು ಇಂಚಿಂಚೇ ಸರಿದು, ಹಿಂದಿನಿಂದ ಭಾವನ ಸೊಂಟವನ್ನು ಬಳಸಿ, ಬೆರಳಿಗೆ ಬೆರಳು ಹೆಣೆದು ಅವುಚಿ ಹಿಡಿದ. ಇಬ್ಬರ ಭಾರಕ್ಕೆ ಬೆಲ್ಟು ಹೊಟ್ಟೆಯನ್ನು ಕೊಯ್ಯುವ ಹಾಗೆ ಒತ್ತಿತು.

"ಕರ್ತನೇ," ಎಂದ. ಹಿಡಿತವನ್ನು ಇನ್ನಷ್ಟು ಬಿಗಿ ಮಾಡಿ ಮುಂದುವರಿಸಿದ. "ಈ ಬೆಲ್ಟು ಬಿಗಿಯಾಗಿರೋದಕ್ಕೆ... ಸ್ತೋತ್ರ."

ಮೇಲೆ ತಾರಸಿಯಲ್ಲಿ ಹಲಗೆ ಎಳೆಯುವ ಯಂತ್ರ ಗರಗರ ಎಂದಿತು. ಹಲಗೆ ಅಲುಗಿತು. ಏರುತ್ತಿದೆಯೋ ಇಳಿಯುತ್ತಿದೆಯೋ ಇಬ್ಬರಿಗೂ ತಿಳಿಯಲಿಲ್ಲ.

"ತುಂಬಾ ಬಿಗಿ ಹಿಡಿದಿದ್ದೀಯ ಕಣೋ," ಎಂದ ಭಾವ. "ಉಸಿರಾಡೋಕಾಗ್ತಿಲ್ಲ."

"ಗೊಣಗ್ಬೇಡಿ ಭಾವ."