ಮೈಕು ಈ ಕಡೆ ತಿರುಗಿದಾಗ

ಹನ್ನೆರಡು ವರ್ಷಗಳ ಮೇಲೆ ಗಾಯಕರು ವೇದಿಕೆ ಹತ್ತಿದ್ದರು. ಮೊದಲ ಸಾಲಿನಲ್ಲಿ ಕುಳಿತಿದ್ದ ಅವಳಿಗೆ ಅವರ ಹಾಡುಗಳಲ್ಲಿ ಉಸಿರು ತೆಗೆದುಕೊಳ್ಳುವ ಜಾಗವೂ ಬಾಯಿಪಾಠ. ಪಲ್ಲವಿಯಲ್ಲಿ ಅದೇ ಹಳೆಯ ಕಂಠ ಕೇಳಿ ಅವಳಿಗೆ ಎದೆ ತುಂಬಿ ಬಂತು. ಆದರೆ ಚರಣ ಶುರುವಾಗಬೇಕಾದಲ್ಲಿ ಅವರು ಮೈಕನ್ನು ಜನರ ಕಡೆ ಚಾಚಿದರು. ಸಭಾಂಗಣ ಹುಚ್ಚೆದ್ದು ಹಾಡಿತು.

"ನಮ್ ಕೈಲೇ ಹಾಡಿಸ್ತಿದಾರೆ ನೋಡಕ್ಕಾ! ಎಂಥ ದೊಡ್ಡ ಮನಸ್ಸು!" ಎಂದಳು ಪಕ್ಕದಲ್ಲಿ ಕುಳಿತಿದ್ದ ತಂಗಿ.

"ಇವರು ಯಾವತ್ತೂ ಹೀಗೆ ಮಾಡಿದವರಲ್ಲ ಕಣೇ." ಅವಳು ಗಾಯಕರ ಮುಖವನ್ನೇ ನೋಡುತ್ತಿದ್ದಳು.

"ಈಗ ಎಲ್ಲರೂ ಮಾಡ್ತಾರೆ. ಸುಮ್ನೆ ಹಾಡು ನೀನು."

ಎರಡನೆಯ ಚರಣಕ್ಕೂ ಮೈಕು ಜನರತ್ತಲೇ ತಿರುಗಿತು. ಮೂರನೆಯದಕ್ಕೆ ಅವರು ಮೆಟ್ಟಿಲಿಳಿದು ಬಂದು ನೇರ ಅವಳ ಬಾಯಿಗೇ ಹಿಡಿದರು. ಮದುವೆ ಮಂಟಪದಲ್ಲೂ ಅವಳು ಅಷ್ಟು ನಡುಗಿರಲಿಲ್ಲ. ಹೇಗೋ ಹಾಡಿ ಮುಗಿಸಿದಳು. ಅವರು ಕಣ್ಣು ಮುಚ್ಚಿ, ತಲೆದೂಗುತ್ತ ಕೇಳಿದರು. ಚಪ್ಪಾಳೆ ನಿಲ್ಲಲೇ ಇಲ್ಲ.

ಆ ಗದ್ದಲದಲ್ಲಿ ಅವರು ಮೈಕನ್ನು ಕೆಳಗಿಳಿಸಿ ಅವಳ ಕಿವಿಯ ಹತ್ತಿರ ಬಗ್ಗಿದರು.

"ತುಂಬಾ ಚೆನ್ನಾಗಿದೆ ಕಣಮ್ಮಾ. ಯಾರ ಹಾಡು ಇದು?"