ಹಾಡಿನ ಬಗ್ಗೆ ವಿಚಾರಿಸಲು ಬಂದವರು

“ಹೆಣ್ಣಿನ ಕಡೆಯವರು ಬಂದಾರ, ಲಗೂನ ಅಂಗಿ ಹಾಕ್ಕೊಳ್ರಿ!”

ಕಮಲಾಕ್ಷಿ ಒಳಗೆ ಗಂಡನಿಗೆ ಪಿಸುಗುಟ್ಟಿದ್ದು ಬಾಗಿಲಾಚೆ ನಿಂತಿದ್ದ ದತ್ತಾತ್ರೇಯರಿಗೂ ಕೇಳಿಸಿತು. ಯಾರಪ್ಪ ಹೆಣ್ಣಿನ ಕಡೆಯವರು ಎಂದು ಅವರು ಹಿಂತಿರುಗಿ ನೋಡಿದರು. ಮೆಟ್ಟಿಲ ಮೇಲೆ ಒಂದು ಬೆಕ್ಕು ಬಿಟ್ಟರೆ ಯಾರೂ ಇರಲಿಲ್ಲ.

ಅವರು ಬಂದ ಕೆಲಸವೇ ಬೇರೆ. ಮಿಯಾಪುರದ ಈ ಅಪಾರ್ಟ್‌ಮೆಂಟಿನ ಮೇಲಿನ ಮಹಡಿಯಲ್ಲಿ ಗೋಪಿನಾಥ ಎಂಬ ಸಾಫ್ಟ್‌ವೇರ್ ಹುಡುಗ ಬಾಡಿಗೆಗಿದ್ದ. ಅವನೂ ಅವನ ಗೆಳೆಯರೂ ಸೇರಿ ರಾಕ್ ಬ್ಯಾಂಡ್ ಕಟ್ಟಿ, ‘ಲಿಫ್ಟ್ ಕೆಟ್ಟಿದೆ’ ಎಂಬ ಆಲ್ಬಂ ತಂದಿದ್ದರು. ಕಟ್ಟಡದ ಮನೆಮನೆಗೂ ಸೀಡಿ ಹಂಚಿಯಾಗಿತ್ತು. ಗಿಟಾರು, ಡ್ರಮ್ಮುಗಳ ಬಗ್ಗೆ ಬ್ಯಾಂಡಿನೊಳಗೆ ತಕರಾರಿರಲಿಲ್ಲ. ತಕರಾರೆಲ್ಲ ದನಿಯದು. ಹಾಡುವ ಆ ದನಿಯನ್ನೇ ಇಟ್ಟುಕೊಳ್ಳಬೇಕೋ, ಬೇರೆ ದನಿ ಹುಡುಕಬೇಕೋ? ಇವತ್ತು ಸಂಜೆ ಕೂತು ತೀರ್ಮಾನಿಸುವುದಿತ್ತು. “ಕೇಳಿದ ಮಂದಿ ಏನಂತಾರೋ ಹಂಗ ಮಾಡೂಣು,” ಎಂದಿದ್ದ ಗೋಪಿ.

ಮಂದಿಯನ್ನು ಕೇಳಿ ಬರಲು ದತ್ತಾತ್ರೇಯರೇ ಹೊರಟರು. ಹುಡುಗರು ತಾಲೀಮು ಮಾಡುತ್ತಿದ್ದುದು ಊರಿನ ಇನ್ನೊಂದು ತುದಿಯ ತಾರ್ನಾಕದಲ್ಲಿ, ಅವರ ಮನೆಯ ಹಿಂದಿನ ಶೆಡ್ಡಿನಲ್ಲಿ. ಗದ್ದಲ ತಾಳಲಾರದೆ ಒಂದು ದಿನ ಗದರಿಸಲು ಹೋದವರು ಆಮೇಲೆ ಒಂದು ತಾಲೀಮನ್ನೂ ತಪ್ಪಿಸಿರಲಿಲ್ಲ. ಸರ್ಕಾರಿ ಕಚೇರಿಯಲ್ಲಿ ಜೀವಮಾನವೆಲ್ಲ ತಲೆ ತಗ್ಗಿಸಿ, ನಿವೃತ್ತರಾಗಿ, ಹೆಂಡತಿಯನ್ನೂ ಕಳೆದುಕೊಂಡ ಜೀವಕ್ಕೆ ಇದ್ದ ಸಂತೋಷ ಅದೊಂದೇ. ಆ ದನಿಯನ್ನು ತೆಗೆದುಬಿಟ್ಟರೆ? ರೈಲಿನಲ್ಲಿಯೂ, ಲಿಂಗಂಪಲ್ಲಿಯಲ್ಲಿ ಇಳಿದು ಹತ್ತಿದ ಆಟೋದಲ್ಲಿಯೂ ಅವರಿಗೆ ಅದೇ ಯೋಚನೆ.

ಕಮಲಾಕ್ಷಿ ಬಾಗಿಲು ತೆರೆದಳು. ದತ್ತಾತ್ರೇಯರು ಕೂತು, ಮೆಲುದನಿಯಲ್ಲಿ ಕೇಳಿದರು: “ಗೋಪಿನಾಥನ ಹಾಡು ಕೇಳಿದ್ರೇನ್ರಿ? ಹೆಂಗದಾವು?”

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಮದುವೆಯಾಗದ ಹುಡುಗನ ವಿಚಾರಣೆಗೆ ಬಂದ ಹಿರಿಯರು ಎಲ್ಲಾದರೂ ನೇರ ವಿಷಯಕ್ಕೆ ಬರುತ್ತಾರೆಯೇ? ಬಾಡಿಗೆ ಎಷ್ಟು, ನೀರು ಎಷ್ಟೊತ್ತಿಗೆ ಬಿಡುತ್ತಾರೆ ಎಂದು ಸುತ್ತಿ ಬಳಸಿ ಹುಡುಗನ ಹತ್ತಿರ ಬರುವುದು ಪದ್ಧತಿ. ಇವರು ಹಾಡಿನಿಂದ ಸುತ್ತಲು ಶುರು ಮಾಡಿದ್ದಾರೆ, ಅಷ್ಟೇ. ಕೂಡಿ ಬರುವ ಸಂಬಂಧಕ್ಕೆ ನೆರೆಯವರು ಅಡ್ಡ ಮಾತು ಆಡಬಾರದು, ಅದೂ ಪದ್ಧತಿಯೇ.

“ಭಾಳ ಸಂಭಾವಿತ ಹಾಡು ರಿ,” ಎಂದಳು ಕಮಲಾಕ್ಷಿ. “ದೊಡ್ಡವರ ಮುಂದ ದನಿ ಎತ್ತಂಗಿಲ್ಲ.”

“ಸೇದೂದಿಲ್ಲ, ಕುಡಿಯೂದಿಲ್ಲ,” ಎಂದು ಅವಳ ಗಂಡ ರಾಮಕೃಷ್ಣ ಸೇರಿಸಿದ. “ಎರಡನೇ ಹಾಡಂತೂ ಅಪ್ಪಟ ಚಿನ್ನ. ಆಫೀಸು ಬಿಟ್ರ ಮನಿ, ಮನಿ ಬಿಟ್ರ ಆಫೀಸು.”

“ಆದ್ರ ಅದರಾಗ ಒಬ್ಬರು ಕಿರಚತಾರಲ್ರಿ...”

“ಕಿರಚೂದು? ನಮಗೇನೂ ಕೇಳಿಸಿಲ್ಲಪ್ಪ!”

ದತ್ತಾತ್ರೇಯರು ಕುರ್ಚಿಯ ತುದಿಗೆ ಸರಿದರು. ಇಷ್ಟು ಕಿರಚಿದ್ದೂ ಕೇಳಿಸಿಲ್ಲವೇ?

“ಹುಡುಗಿ ಏನು ಓದ್ಯಾಳ್ರಿ?” ಎಂದು ಕಮಲಾಕ್ಷಿ ಮೆತ್ತಗೆ ಕೇಳಿದಾಗ ಅವರಿಗೆ ಅರ್ಥವಾಯಿತು. “ಅಯ್ಯ, ನಾ ಸಂಬಂಧಕ್ಕ ಬಂದಿಲ್ರಿ! ಖರೇನ ಹಾಡಿನ ಸಲುವಾಗೇ ಬಂದೀನಿ.”

“ಆತ್ರಿ, ಆತ್ರಿ. ನಾವೂ ಯಾರ ಮುಂದೂ ಹೇಳಂಗಿಲ್ಲ,” ಎಂದು ರಾಮಕೃಷ್ಣ ಕಣ್ಣು ಮಿಟುಕಿಸಿದ. ಚಹಾ ಬಂತು. ದತ್ತಾತ್ರೇಯರು ಬೇಡವೆಂದರು, ಬಿಸಿನೀರು ಸಾಕೆಂದರು. ಮಾತು ಪಕ್ಕಾ ಆಗುವ ತನಕ ಚಹಾ ಮುಟ್ಟುವವರಲ್ಲ ಎಂದು ಆ ಮನೆಯವರಿಗೆ ಅವರ ಮೇಲಿನ ಗೌರವ ಇನ್ನೂ ಹೆಚ್ಚಾಯಿತು.

ಸುದ್ದಿ ಅವರಿಗಿಂತ ಮೊದಲೇ ಮೆಟ್ಟಿಲು ಹತ್ತಿತ್ತು. ಮೇಲಿನ ಮನೆಯ ವಿಠಲ ತಾನಾಗಿಯೇ ಹೊರಗೆ ಬಂದು ಕೈ ಹಿಡಿದುಕೊಂಡ. “ಖರೆ ಹೇಳಬೇಕಂದ್ರ ಆ ಹಾಡಿಗೆ ಒಂದೇ ಕೊರತಿ ರಿ. ಇನ್ನೂ ಸ್ವಂತ ಮನಿ ಇಲ್ಲ. ಅದಕ್ಕೂ ಲೋನ್ ಹಾಕೇತಿ.”

ಹೊಗಳಿಕೆ ಹೆಚ್ಚಿದಷ್ಟೂ ದತ್ತಾತ್ರೇಯರು ಕುಗ್ಗಿದರು. ಇದನ್ನೆಲ್ಲ ಹೋಗಿ ಹೇಳಿದರೆ ಹುಡುಗರು ನಗುತ್ತಾರೆ. ಬರಿಗೈಯಲ್ಲಿ ಹೋದರೆ ದನಿ ಹೋಗುತ್ತದೆ.

ಕೊನೆಯ ಮನೆ ತುಳಸಾಬಾಯಿಯದು. ಮುದುಕಿ ಹೊಸ್ತಿಲಲ್ಲಿ ಕೂತು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು. ಅವಳು ಬಾಯಿ ತೆರೆಯುವ ಮೊದಲೇ ಅವರು ಕೈ ಮುಗಿದರು. “ಬಾಯಾರ, ನನಗ ಮಗಳಿಲ್ಲ, ಮೊಮ್ಮಗಳಿಲ್ಲ, ಅಣ್ಣತಮ್ಮರ ಪೈಕಿನೂ ಹೆಣ್ಣಿಲ್ಲ. ದೇವರಾಣಿಗೂ ಹಾಡಿನ ಬಗ್ಗೆನ ಕೇಳಾಕ ಬಂದೀನಿ.”

“ಮದಲ ಹೇಳಬಾರದೇನ್ರಿ?” ಮುದುಕಿ ಸೊಪ್ಪನ್ನು ಬದಿಗಿಟ್ಟಳು. “ಹಂಗಾರ ಖರೆ ಹೇಳಬಹುದು. ಮದಲನೇ ಹಾಡು ಕೇಳಿ ಯಾರದೋ ಬೆರಳು ಬಾಗಲಾಗ ಸಿಕ್ಕೇತಿ ಅನ್ಕೊಂಡೆ. ಎರಡನೇದು ಕೇಳಿ, ಅಯ್ಯ ಇನ್ನೂ ಯಾರೂ ಬಾಗಲಾ ತಗದಿಲ್ಲಲ್ಲ ಅನ್ಕೊಂಡೆ.”

ದತ್ತಾತ್ರೇಯರು ಗೋಡೆಗೆ ಕೈ ಊರಿದರು.

“ಆದ್ರ ಕಡೀ ಹಾಡು ಐತಲ್ಲ, ಮಾತಿಲ್ಲದ್ದು, ಬರೇ ಕೂಗೂದು? ಅದನ್ನ ಕೇಳಿ ಕೈಯಾಗಿನ ಕೆಲಸ ಬಿಟ್ಟು ಕುಂತೆ ನೋಡ್ರಿ. ನಮ್ಮ ಮನಿಯವರು ಆಫೀಸಿನಾಗ ಎಲ್ಲಾದಕ್ಕೂ ಹೂಂ ಸಾಹೇಬ್ರ, ಹೂಂ ಸಾಹೇಬ್ರ ಅಂತ ಅನಕೋತನ ಹ್ವಾದ್ರು. ಒಮ್ಮೆ ಹಿಂಗ ಕೂಗಿದ್ರ ಇನ್ನೊಂದೀಟು ದಿನ ಇರ್ತಿದ್ರೇನೋ. ಕೇಳ್ತಾ ಕೇಳ್ತಾ ನಾನೂ ಕೂಗಿದೆ. ಸೊಸಿ ಅಡಿಗಿ ಮನಿಯಿಂದ ಓಡಿ ಬಂದ್ಲು!”

ದತ್ತಾತ್ರೇಯರು ಕಣ್ಣು ಒರೆಸಿಕೊಂಡರು.

“ಆ ದನಿ ಬಿಡಬ್ಯಾಡ್ರಿ ಅಂತ ಹುಡುಗರಿಗೆ ನನ್ನ ಹೆಸರು ಹೇಳ್ರಿ,” ಎಂದಳು ತುಳಸಾಬಾಯಿ. ಆಮೇಲೆ ಆಚೀಚೆ ನೋಡಿ, ಕುರ್ಚಿ ಎಳೆದು ಕೂಡಿಸಿ, ದನಿ ತಗ್ಗಿಸಿದಳು. “ಅದು ಗೋಪಿ ದನಿ ಅಲ್ಲ, ಅವನದು ನನಗ ಗೊತ್ತು. ನೀವು ಸಂಬಂಧಕ್ಕ ಬಂದಿಲ್ಲಂದ್ರ ನಾನ ಕೇಳ್ತೀನಿ. ನನ್ನ ಮೊಮ್ಮಗಳು ಪ್ರಿಯಂವದಾ ಲಗ್ನಕ್ಕ ಬಂದಾಳ. ಕೂಗೋ ಆ ಹುಡುಗಗ ಈಗ ಎಷ್ಟು ವಯಸ್ಸು?”

“ಬರೂ ತಿಂಗಳು ನನಗ ಅರವತ್ತೆಂಟು ತುಂಬತಾವ್ರಿ,” ಎಂದರು ದತ್ತಾತ್ರೇಯರು.